ಹೊರೆಗಲ್ಲಿನ ಮರ್ಯಾದೆ

ಇನ್ನೊಬ್ಬರ ರೋಗ ಹೊತ್ತವರು ಸಂಜೆ ಅದನ್ನು ಮರಳಿಸುವಾಗ ಭಾರ ಇತ್ತು ಎನ್ನಬಾರದು, ಹೂವಿನಂತಿತ್ತು ಎನ್ನಬೇಕು. ಇದು ನಮ್ಮೂರಿನ ಮರ್ಯಾದೆ. ಉಂಡ ಮನೆಯ ಅಡುಗೆಗೆ ಹೆಸರಿಡಬಾರದು, ಹಿರಿಯರ ಎದುರು ಕಾಲು ಚಾಚಬಾರದು ಎಂಬುದನ್ನೆಲ್ಲ ನಾವು ಮಕ್ಕಳಿಗೆ ಆಮೇಲೆ ಕಲಿಸುತ್ತೇವೆ, ಮೊದಲು ಇದನ್ನು. ಹೊತ್ತು ಮುಳುಗುವಾಗ ಪುರಸಭೆಯ ಮುಂದಿನ ಹೊರೆಗಲ್ಲಿನ ಹತ್ತಿರ ನಿಂತರೆ ಸಾಲಾಗಿ ಇದೇ ಮಾತು ಕೇಳಿಸುತ್ತದೆ. "ಹ್ಯಾಂಗಿತ್ರಿ?" ಎಂದು ರೋಗದವರು ಕೇಳುತ್ತಾರೆ. ಹೊತ್ತವರು ಬೆವರು ಒರೆಸಿಕೊಳ್ಳುತ್ತ, ಕೆಲವರು ಗೋಡೆ ಹಿಡಿದುಕೊಂಡು, "ಹೂವಿನ್ಹಂಗಿತ್ರಿ" ಎನ್ನುತ್ತಾರೆ. ಹಿಂದೊಮ್ಮೆ ಒಬ್ಬ ಬಳೆಗಾರ ಯಾರದೋ ಬೆನ್ನುನೋವು ಹೊತ್ತು, ಸಂಜೆ ಎಲ್ಲರ ಎದುರು "ಯಪ್ಪಾ, ಜೀವಾನ ಹೋಗಿತ್ತು" ಅಂದುಬಿಟ್ಟನಂತೆ. ಅವನ ಕೈಯಿಂದ ಬಳೆ ಇಡಿಸಿಕೊಳ್ಳಲು ಯಾವ ಹೆಂಗಸೂ ಒಪ್ಪದೆ ಕೊನೆಗೆ ಅವನು ಊರನ್ನೇ ಬಿಟ್ಟ. ಈ ಸುಡುಗಾಡು ಮರ್ಯಾದೆಯೇ ನನ್ನ ಅನ್ನಕ್ಕೆ ಕಲ್ಲು ಹಾಕಿತು.

ನನ್ನ ಹೆಸರು ಬಾಳವ್ವ. ಚಂಬಣ್ಣನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸವಾಗಿತ್ತು. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ದುಡಿದರೆ ಉಂಟು ಇಲ್ಲದಿದ್ದರೆ ಇಲ್ಲ. ನನಗೆ ಕೀಲುಬೇನೆ. ಬೆಳಿಗ್ಗೆ ಏಳುವಾಗ ಬೆರಳು ಮಡಚಿದ್ದು ಮಡಚಿದ ಹಾಗೇ ಇರುತ್ತವೆ, ಸೆರಗಿನ ಗಂಟು ಬಿಚ್ಚಲೂ ಆಗುವುದಿಲ್ಲ. ಮಣಿಕಟ್ಟು, ಮೊಣಕಾಲು, ದವಡೆ, ಅದಕ್ಕೆ ಮನಸ್ಸು ಬಂದ ಕಡೆ ಕೂತು ಉರಿಯುತ್ತದೆ. ದವಾಖಾನೆಯ ಡಾಕ್ಟರು ನನ್ನ ಕೈ ತಿರುಗಿಸಿ ನೋಡಿ, "ಇದು ಹೋಗೂ ರೋಗ ಅಲ್ಲವಾ, ಇರೂ ರೋಗ. ಇದರ ಜೋಡಿ ಸಂಸಾರ ಮಾಡೂದು ಕಲಿ" ಅಂದಿದ್ದರು. ಅದಕ್ಕೇನು, ಸಂಸಾರ ನನಗೆ ಹೊಸದಲ್ಲ. ನನ್ನ ಗಂಡನಿಗಿಂತ ಇದು ಮೇಲು, ಹೇಳಿದ ಹೊತ್ತಿಗೆ ಮನೆಗೆ ಬರುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿ ನಗಿಸಿದ್ದೆ.

ಇರುವ ರೋಗದವರಿಗೆ ದಿನ ಬಿಟ್ಟು ದಿನ ಪಾಳಿ ಸಿಗುತ್ತಿತ್ತು. ಬೆಳಿಗ್ಗೆ ನಾನು ಹೊರೆಗಲ್ಲಿನ ಈಚೆ ಅಂಗೈ ಊರಬೇಕು, ಹೊರುವವರು ಆಚೆ ಊರಬೇಕು. ಪುರಸಭೆಯ ಜವಾನ ಗಂಟೆ ಬಾರಿಸುತ್ತಾನೆ. ಆ ಸದ್ದು ಅಡಗುವಷ್ಟರಲ್ಲಿ ನನ್ನ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಗಂಟೆ ಬಾರಿಸದಿದ್ದರೆ ಕಲ್ಲು ಯಾರದನ್ನೂ ಯಾರಿಗೂ ಕೊಡುವುದಿಲ್ಲ. ಹೊತ್ತು ಮುಳುಗಿದರೆ ರೋಗ ತಾನಾಗಿ ಒಡೆಯರ ಮೈಗೆ ವಾಪಸಾಗುತ್ತದೆ, ಆದರೂ ಕಲ್ಲಿನ ಹತ್ತಿರ ಬಂದು ಎದುರುಬದುರು ನಿಂತು ಆ ಹೂವಿನ ಮಾತಾಡಿ ಹೋಗುವುದು ಪದ್ಧತಿ. ಊರಿನ ಆರೋಗ್ಯವಂತರೆಲ್ಲ ಸರದಿಯ ಮೇಲೆ ಹೊರಬೇಕು. ಅವರ ಆ ದಿನದ ದುಡಿಮೆ ಹೋಗುತ್ತದಲ್ಲ, ಅದಕ್ಕೆ ಊರ ತೆರಿಗೆಯಿಂದ ಹೊರೆಗೂಲಿ ಕೊಡುತ್ತಿದ್ದರು. ಅನುಕೂಲಸ್ಥರು ತಮ್ಮ ಸರದಿಗೆ ಆಳುಗಳನ್ನು ಕಳಿಸುತ್ತಿದ್ದರು ಅನ್ನುವುದು ಬೇರೆ ಮಾತು.

ನನ್ನ ಬೇನೆ ಹೆಚ್ಚಾಗಿ ಇಬ್ಬರ ಪಾಲಿಗೆ ಬರುತ್ತಿತ್ತು. ಒಬ್ಬ ಕಮ್ಮಾರ ಮಾನಪ್ಪ. ಕಬ್ಬಿಣವನ್ನು ಬೆಣ್ಣೆಯ ಹಾಗೆ ಬಡಿಯುವ ಆ ಆಳು ನನ್ನ ಕೈ ಹೊತ್ತ ದಿನ ಕುಲುಮೆಯ ಹಿಂದೆ ಕೂತು ಅಳುತ್ತಿದ್ದನೆಂದು ಅವನ ಹೆಂಡತಿಯೇ ನನಗೆ ಹೇಳಿದ್ದಾಳೆ. ಇನ್ನೊಬ್ಬಳು ಇಮಾಮಬಿ, ನನ್ನ ಗೋಡೆಯಾಚೆಯ ಮನೆಯವಳು, ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವವಳು. ನನ್ನ ಪಾಳಿ ಹೊತ್ತ ದಿನ ಅವಳ ಕೈಗೆ ಸೂಜಿ ಹಿಡಿಯಲು ಬರುತ್ತಿರಲಿಲ್ಲ, ಬಿಸಿನೀರಿನ ಬೋಗುಣಿಯಲ್ಲಿ ಕೈ ಇಳಿಬಿಟ್ಟುಕೊಂಡು ಹೊಸಿಲ ಮೇಲೆ ಕೂತಿರುತ್ತಿದ್ದಳು. ನಾನು ಖಾನಾವಳಿಯಿಂದ ಬಿಸಿ ರೊಟ್ಟಿ ತಂದು ಮುರಿದು ಅವಳ ಬಾಯಿಗಿಡುತ್ತಿದ್ದೆ. ನನ್ನ ಕೈಯಿಂದ ಬಡಿದ ರೊಟ್ಟಿಯನ್ನು ನನ್ನ ಬೇನೆಯೇ ತಿನ್ನುತ್ತಿದೆ ಎಂದು ಇಬ್ಬರೂ ನಗುತ್ತಿದ್ದೆವು. ಸಂಜೆ ಕಲ್ಲಿನ ಹತ್ತಿರ ನಾನು ಹ್ಯಾಂಗಿತ್ತು ಎಂದರೆ ಹೂವಿನ್ಹಂಗಿತ್ತಕ್ಕಾ ಎನ್ನುವಳು, ಮನೆಗೆ ಬರುವಾಗ ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸುವಳು.

ಹೀಗೆ ನಡೆದಿರುವಾಗ ಪುರಸಭೆಗೆ ಮಲಕಾಜಪ್ಪನವರು ಅಧ್ಯಕ್ಷರಾದರು. ಒಳ್ಳೆಯ ಮಾತುಗಾರರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಊರಿನ ಬಾಯಿಗೆ ಕಲ್ಲಿನ ಮಹಾದ್ವಾರ ಕಟ್ಟಿಸಬೇಕೆಂಬುದು ಅವರ ಆಸೆ. ಆದರೆ ಬೊಕ್ಕಸದ ಬಹುಪಾಲು ಹೊರೆಗೂಲಿಗೇ ಹೋಗುತ್ತದೆಂದು ಗೊತ್ತಾಗಿ ಊರವರ ಸಭೆ ಕರೆದರು. "ಜ್ವರ ಹೊರೋಣ, ಮುರಿದ ಕೈ ಹೊರೋಣ. ಅವು ನಾಳೆ ಹೋಗ್ತಾವು. ಹೋಗಲಾರದ ರೋಗಕ್ಕ ಊರ ರೊಕ್ಕ ಎಷ್ಟಂತ ಸುರಿಯೂದ್ರಿ? ತೂತಿನ ಕೊಡಕ್ಕ ನೀರು ತುಂಬಿದಂಗ ಆತು. ಹಂಗಂತ ಯಾರನ್ನೂ ಕೈ ಬಿಡೂದಿಲ್ಲ. ಹೊತ್ತವರನ್ನ ಕರೆದು ಕೇಳೋಣ, ಭಾರ ಐತೋ ಹಗುರ ಐತೋ. ಭಾರ ಇದ್ರ ಪಾಳಿ ಇರ್ಲಿ, ಹಗುರ ಇದ್ರ ಅವರದು ಅವರು ಹೊರ್ಲಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅವತ್ತು ನನ್ನ ಪಾಳಿಯಿತ್ತು, ಕೈ ಚೆನ್ನಾಗಿದ್ದವು. ಇದಕ್ಕಿಂತ ನ್ಯಾಯ ಇನ್ನೇನಿದೆ, ನನ್ನ ಬೇನೆ ಎಂಥದೆಂದು ಹೊತ್ತವರಿಗಿಂತ ಚೆನ್ನಾಗಿ ಯಾರು ಹೇಳಿಯಾರು ಎಂದುಕೊಂಡೆ. ಮನೆಯ ದಾರಿ ಅರ್ಧ ಮುಗಿಯುವಷ್ಟರಲ್ಲಿ ಆ ಹೂವಿನ ಮಾತು ನೆನಪಾಗಿ ನಿಂತಲ್ಲೇ ನಿಂತೆ.

ಮರುದಿನವೇ ಕುಂಟುತ್ತ ಕುಲುಮೆಗೆ ಹೋದೆ. "ಮಾನಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಅಧ್ಯಕ್ಷರು ಕೇಳಿದಾಗ ಭಾರ ಇತ್ತು ಅನ್ನು" ಎಂದೆ. ಅವನು ತಿದಿ ಒತ್ತುವುದನ್ನು ನಿಲ್ಲಿಸಿ ನೆಲ ನೋಡಿದ. "ನೀ ಇಲ್ಲದಾಗ ಕೇಳಿದ್ರ ಹೇಳ್ತಿದ್ದೆ ಬಾಳವ್ವಾ. ನೀನೂ ಅಲ್ಲೇ ಇರಬೇಕಂತಲ್ಲ" ಎಂದ. ನಾನು ಇದ್ದರೇನು, ನನಗೇ ಬೇಕಾಗಿರುವುದು ಅದು ಎಂದು ಅಂಗಲಾಚಿದೆ. ಕೊನೆಗೆ ಅವನು ಕುಲುಮೆಯ ಮೇಲೆ ಆಣೆಯಿಟ್ಟ. ಇಮಾಮಬಿಯನ್ನಂತೂ ನನ್ನ ಮನೆಗೇ ಕರೆದು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟೆ. "ಈಗ ನಾ ಅಧ್ಯಕ್ಷ. ಏನಮ್ಮಾ, ಹ್ಯಾಂಗಿತ್ತು?" ಎಂದು ದನಿ ದಪ್ಪ ಮಾಡಿ ಕೇಳಿದರೆ ಅವಳಿಗೆ ನಗು ಬಂತು. ಎರಡನೆಯ ಸಲ ಕೇಳಿದಾಗ ಕಣ್ಣು ಮುಚ್ಚಿಕೊಂಡು, ಕಹಿ ಔಷಧ ಉಗುಳುವವಳ ಹಾಗೆ, ಭಾರ ಎಂದಳು. ಎಂದವಳೇ ನನ್ನ ಕೆನ್ನೆ ಮುಟ್ಟಿ, ತಪ್ಪು ತಿಳೀಬ್ಯಾಡಕ್ಕಾ, ನೀನ ಹೇಳಿಸಿದ್ದಿ ಎಂದಳು. ನನಗೆ ಧೈರ್ಯ ಬಂತು. ಇಬ್ಬರಲ್ಲಿ ಒಬ್ಬರಾದರೂ ಹೇಳುತ್ತಾರೆ, ನನ್ನ ಕೈ ಉಳಿಯುತ್ತವೆ, ಚಂಬಣ್ಣ ನನ್ನನ್ನು ಕೆಲಸದಿಂದ ಬಿಡಿಸುವುದಿಲ್ಲ ಎಂದು ಲೆಕ್ಕ ಹಾಕಿದೆ.

ವಿಚಾರಣೆಗೆ ಪುರಸಭೆಯವರು ಆರಿಸಿದ್ದು ನನ್ನ ಪಾಳಿಯ ದಿನವನ್ನೇ. ಹೊತ್ತದ್ದು ಹೊಸದಾಗಿ ನೆನಪಿರಲಿ ಎಂದು ಹಾಗೆ ಮಾಡಿದೆವು ಎಂದರು. ಬೆಳಿಗ್ಗೆ ಗಂಟೆ ಬಾರಿಸಿದಾಗ ನನ್ನ ಬೇನೆ ಇಮಾಮಬಿಗೆ ಹೋಗಿತ್ತು. ಹಾಗಾಗಿ ಸಭಾಂಗಣದಲ್ಲಿ ನಾನು ಗಟ್ಟಿಮುಟ್ಟಾಗಿ ನೆಟ್ಟಗೆ ನಿಂತಿದ್ದೆ. ಬೆಳಿಗ್ಗೆ ರೊಟ್ಟಿ ಬಡಿದು ಬಂದಿದ್ದರಿಂದ ಮುಖವೂ ಕೆಂಪಗೆ ಕಳೆಕಳೆಯಾಗಿತ್ತು. ಸದಸ್ಯರು ನನ್ನನ್ನು ನೋಡಿ ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡರು. ಮೊದಲು ಮಾನಪ್ಪನನ್ನು ಕರೆದರು. ಅವನು ನನ್ನತ್ತ ಒಮ್ಮೆ ನೋಡಿದ, ಬಾಯಿ ತೆರೆದ. "ಹೂವಿನ್ಹಂಗಿತ್ರಿ ಸಾಹೇಬ್ರ" ಎಂದು ಹೇಳಿ, ನನ್ನ ಮುಖ ನೋಡದೆ ಹೊರಗೆ ನಡೆದ. ಕುಲುಮೆಯ ಆಣೆಗೆ ಬೆಂಕಿ ಬಿತ್ತು ಎಂದು ನಾನು ಹಲ್ಲು ಕಡಿದೆ.

ಆಮೇಲೆ ಇಮಾಮಬಿ ಬಂದಳು. ನನ್ನ ಮೊಣಕಾಲು ಹೊತ್ತಿದ್ದಳಲ್ಲ, ಬಾಗಿಲಿನಿಂದ ಮೇಜಿನವರೆಗೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡಿದ್ದಳು. "ತಾಯೀ, ನೀವು ಈಗ ಹೊತ್ತೀರಿ. ಹ್ಯಾಂಗೈತಿ ಹೇಳ್ರಿ, ಅಂಜಬ್ಯಾಡ್ರಿ" ಎಂದರು ಅಧ್ಯಕ್ಷರು, ನಿಜಕ್ಕೂ ಮೃದುವಾಗಿ. ಅವಳು ನನ್ನ ಮುಖ ನೋಡಿದಳು. ನನಗೆ ತಡೆಯಲಾಗಲಿಲ್ಲ. "ಇಮಾಮಬಿ, ಸೆರಗ ತಗಿ, ಕೈ ತೋರಸು ಅವರಿಗೆ! ಬೆರಳು ಹ್ಯಾಂಗ ಆಗ್ಯಾವ ನೋಡ್ಲಿ!" ಎಂದು ಕೂಗಿದೆ. ನಾನು ಕೂಗಿದಷ್ಟೂ ಅವಳು ಕೈಗಳನ್ನು ಇನ್ನೂ ಒಳಗೆ ಎಳೆದುಕೊಂಡಳು. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು. "ಹೂವಿನ್ಹಂಗೈತ್ರಿ" ಎಂದಳು. "ನನ್ನ ಮುಂದ ಭಾರ ಅಂದಿದ್ಯಲ್ಲ, ಪಾಪಿ!" ಎಂದು ನಾನು ಚೀರಿದೆ. ಜವಾನ ನನ್ನನ್ನು ಹಿಡಿದು ಹೊರಗೆ ಕರೆದೊಯ್ದ. ಒಳಗೆ ಅಧ್ಯಕ್ಷರು, "ನೋಡ್ರಿ, ದೇವರ ದಯದಿಂದ ದನಿ ಸುದ್ದಾ ಎಷ್ಟು ಗಟ್ಟಿ ಐತಿ" ಅನ್ನುತ್ತಿದ್ದುದು ಕೇಳಿಸಿತು. ನನ್ನ ಪಾಳಿ ಅವತ್ತಿಗೇ ನಿಂತಿತು.

ಸಂಜೆ ಅವಳು ನನ್ನ ಬಾಗಿಲಿಗೆ ಬಂದು ನಿಂತಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಿನ್ನ ಮಾರಿ ನೋಡಿಕೋತ ನೀ ಭಾರ ಅಂತ ಹ್ಯಾಂಗ ಹೇಳ್ಲಿ ಅಕ್ಕಾ? ನಾಲಿಗಿ ಹೊರಳಲಿಲ್ಲ" ಎಂದಳು. "ನಾ ಭಾರ ಅಲ್ಲ, ನನ್ನ ರೋಗ ಭಾರ" ಎಂದೆ. ಅವಳಿಗೆ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮೂರಲ್ಲಿ ಯಾರಿಗೂ ಕಾಣುವುದಿಲ್ಲ. ನಾನು ಬಾಗಿಲು ಹಾಕಿಕೊಂಡೆ. ಆಮೇಲೆ ಅವಳೊಂದಿಗೆ ಮಾತು ಬಿಟ್ಟೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆ, ಹಬ್ಬದ ದಿನ ಅವಳು ಕಳಿಸಿದ ಹಾಲು ಶಾವಿಗೆಯ ಸುರ್ಕುಂಬಾದ ಬಟ್ಟಲನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸಿದೆ.

ಚಂಬಣ್ಣ ಕೆಟ್ಟವನಲ್ಲ. ಸ್ವಲ್ಪ ದಿನ ನೋಡಿದ. ನಾನು ಬಡಿದ ರೊಟ್ಟಿ ಅಂಚು ಹರಿದು ನಡುವೆ ದಪ್ಪವಾಗಿ, ಗಿರಾಕಿಗಳು ತಾಟು ಸರಿಸಿ ಎದ್ದು ಹೋಗತೊಡಗಿದಾಗ ಇನ್ನೊಬ್ಬಳನ್ನು ತಂದ. "ಹಪ್ಪಳ ಒಣಹಾಕ್ತೀವಲ್ಲ ಮಾಳಗಿ ಮ್ಯಾಲ, ಅದರ ಕಾವಲಿ ಕುಂದ್ರು ಬಾಳಕ್ಕಾ, ಎರಡು ಹೊತ್ತಿನ ಊಟ ಹಾಕ್ತೀನಿ" ಎಂದ. ಹೀಗೆ ಊರಿಗೆಲ್ಲ ರೊಟ್ಟಿ ಹಾಕಿದವಳು ಕಾಗೆ ಓಡಿಸಲು ಕೂತೆ. ಕಾಗೆ ಓಡಿಸಲು ಬೆರಳು ಬೇಡ, ಬಾಯಿ ಸಾಕು, ಬಾಯಿ ನನಗೆ ಬೇಕಾದಷ್ಟಿದೆ. ಅಷ್ಟಾದರೂ ಮಾಳಿಗೆಯ ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಅಧ್ಯಕ್ಷರ ವಂಶವನ್ನು ನೆನೆಯುತ್ತಿದ್ದೆ.

ಹೀಗಿರುವಾಗ ಜವಾನ ಬಂದು, ನನ್ನ ಸರದಿ ಬಂದಿದೆ, ಬೆಳಿಗ್ಗೆ ಕಲ್ಲಿನ ಹತ್ತಿರ ಬರಬೇಕು ಎಂದ. ಯಾವ ಸರದಿ ಎಂದು ಕೇಳಿದೆ. "ಹೊರೂ ಸರದಿ" ಎಂದ. ನಾನು ನನ್ನ ಕೈ ಎತ್ತಿ ಅವನ ಮುಖಕ್ಕೆ ಹಿಡಿದೆ. ಅವನು ಪಾಪ ಅತ್ತ ಇತ್ತ ನೋಡಿ, "ನಾ ಏನ್ ಮಾಡ್ಲಿ ಅಮ್ಮಾ. ನೀವು ರೋಗಿ ಅಲ್ಲಂತ ತೀರ್ಮಾನ ಆಗೇತಲ್ಲ. ರೋಗಿ ಅಲ್ಲಂದ ಮ್ಯಾಲ ಆರೋಗ್ಯವಂತರು. ನಡುವ ಇನ್ನೊಂದು ಜಾತಿ ಪುರಸಭೆಯೊಳಗ ಇಲ್ಲರಿ" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ಇಲ್ಲಿ ಜ್ವರ ಬಂದ ಎತ್ತಿಗೇ ಬರೆ. ಹೋಗದೆ ಇರಬಹುದಿತ್ತು, ದಂಡ ಹಾಕುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹೊರೆಗೂಲಿಯ ಆಸೆಯೂ ಇತ್ತು, ಹಪ್ಪಳದ ಕಾವಲಿನಿಂದ ಮೈಗೆ ಬಟ್ಟೆ ಬರುವುದಿಲ್ಲ.

ಬೆಳಿಗ್ಗೆ ಕಲ್ಲಿನ ಆಚೆ ನಿಂತಿದ್ದವಳು ಇಮಾಮಬಿ. ಹಳೆ ಬಟ್ಟೆಯ ಧೂಳು ಕುಡಿದು ಕುಡಿದು ಅವಳಿಗೆ ಉಬ್ಬಸ ಹಿಡಿದು ಬಹಳ ದಿನವಾಗಿತ್ತಂತೆ. ಇರುವ ರೋಗವೇ. ಪುರಸಭೆಯ ಪಟ್ಟಿಗೆ ಹೊಸದಾದ್ದರಿಂದ ವಿಚಾರಣೆಯಾಗುವವರೆಗೆ ಪಾಳಿ ಕೊಟ್ಟಿದ್ದರು. ಮಾತು ಬಿಟ್ಟಿದ್ದೆನಲ್ಲ, ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರಾತ್ರಿ ಗೋಡೆಯಾಚೆ ಕೆಮ್ಮು ಕೇಳಿಸಿದರೂ ನೆಗಡಿಯಿರಬೇಕೆಂದು ಮುಸುಕು ಎಳೆದುಕೊಂಡಿದ್ದೆ. ಭುಜ ಮೇಲೆತ್ತಿಕೊಂಡು ನಿಂತಿದ್ದಳು, ಕೊರಳ ಕುಳಿ ಒಳಗೆ ಹೋಗಿ ಬರುತ್ತಿತ್ತು. ನನ್ನನ್ನು ಕಂಡು, "ಬ್ಯಾಡ, ಬಾಳಕ್ಕಗ ಬ್ಯಾಡ, ಬ್ಯಾರೆದವರನ್ನ ಕರೀರಿ" ಎಂದು ಜವಾನನಿಗೆ ಕೈ ಮುಗಿದಳು. ಅಷ್ಟು ಹೇಳಲು ಅವಳಿಗೆ ಎರಡು ಸಲ ನಿಲ್ಲಬೇಕಾಯಿತು. ನಾನು ಮಡಚಿದ ಬೆರಳುಗಳನ್ನೇ ಕಲ್ಲಿನ ಮೇಲೆ ಒತ್ತಿದೆ. ಜವಾನ ಗಂಟೆ ಬಾರಿಸಿದ.

ಉಸಿರಾಡುವುದೂ ಒಂದು ಕೆಲಸ ಎಂದು ನನಗೆ ಅವತ್ತೇ ಗೊತ್ತಾಯಿತು. ಒಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ, ಹೊರಗೆ ಬರದೆ ಇನ್ನೊಂದು ಒಳಗೆ ಹೋಗುವುದಿಲ್ಲ. ಕೀಲುಬೇನೆಯಲ್ಲಿ ಅಯ್ಯೋ ಅನ್ನುವ ಸುಖವಾದರೂ ಇದೆ, ಇದರಲ್ಲಿ ಅದಕ್ಕೂ ಉಸಿರಿಲ್ಲ. ಪುರಸಭೆಯ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತವಳು ಏಳಲೇ ಇಲ್ಲ. ಇಮಾಮಬಿ ನನ್ನ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದಳು. ಅವಳ ಮೇಲಿನ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಂಥದ್ದನ್ನು ಇಟ್ಟುಕೊಂಡು ಇವಳು ನನ್ನ ಗೋಡೆಯ ಪಕ್ಕದಲ್ಲೇ ಒಬ್ಬಳೇ ಇದ್ದಳಲ್ಲ ಎಂದುಕೊಂಡೆ. ಸಂಜೆ ಅವಳು ಪದ್ಧತಿಯಂತೆ ಹ್ಯಾಂಗಿತ್ತಕ್ಕಾ ಎಂದು ಕೇಳಿದಾಗ ನಾನು ಹೂವಿನ ಮಾತು ಆಡಲಿಲ್ಲ, ಬಾ ಮನೆಗೆ ಹೋಗೋಣ ಎಂದೆ. ಆಮೇಲೆ ನಾನಾಗಿಯೇ ಜವಾನನ ಹತ್ತಿರ ಹೋಗಿ ಅವಳ ಪಾಳಿಯೆಲ್ಲ ನನಗೇ ಹಾಕು ಎಂದು ಕೇಳಿಕೊಂಡೆ. ಅವಳ ವಿಚಾರಣೆಯ ದಿನ ಹೊರುವವಳು ನಾನೇ ಇರಬೇಕು. ನಾಲಿಗೆ ಹೊರಳುವವಳು ಒಬ್ಬಳಾದರೂ ಇರಬೇಕಲ್ಲ.

ಆ ದಿನ ಬಂತು. ಅದೇ ಸಭಾಂಗಣ, ಅದೇ ಮೇಜು. ಇಮಾಮಬಿ ಆರಾಮವಾಗಿ ನಿಂತಿದ್ದಳು, ಅವಳ ಉಬ್ಬಸ ನನ್ನ ಎದೆಯಲ್ಲಿತ್ತು. ಅಧ್ಯಕ್ಷರು ನನ್ನನ್ನು ಗುರುತು ಹಿಡಿದು ಮುಗುಳ್ನಕ್ಕು, "ಹ್ಯಾಂಗೈತ್ರಿ ತಾಯೀ?" ಎಂದರು. "ಭಾರ ಐತ್ರಿ" ಎಂದೆ. ಯಾರೋ ಛೇ ಎಂದರು. ನಾನು ಮೇಜನ್ನು ಹಿಡಿದುಕೊಂಡು, ಒಂದೊಂದು ಮಾತಿಗೂ ಗಾಳಿ ಎಳೆದುಕೊಳ್ಳುತ್ತ ಹೇಳಿದೆ. "ಭಾರ ಐತಿ. ಕಲ್ಲು ಹೊತ್ತಂಗ ಐತಿ. ಯಾವಾಗ ಹೊತ್ತು ಮುಳುಗೀತು, ಯಾವಾಗ ಇದು ಹೋದೀತು ಅಂತ ಕಾಯ್ತೀನಿ. ಇದನ್ನ ಒಬ್ಬಾಕಿ ಮ್ಯಾಲ ಹಾಕಬ್ಯಾಡ್ರಿ. ಸಾಯ್ತಾಳರಿ ಆಕಿ." ಹೇಳಿ ಮುಗಿಸಿದಾಗ ನನಗೆ ಎಂಥ ಸಮಾಧಾನ! ಇಡೀ ಊರಲ್ಲಿ ಸತ್ಯ ಹೇಳಿದವಳು ನಾನೊಬ್ಬಳೇ ಎಂಬ ಜಂಬವೂ ಇತ್ತು. ಇಮಾಮಬಿಯ ಮುಖವನ್ನು ನಾನು ಆಗ ನೋಡಲಿಲ್ಲ.

ಅಧ್ಯಕ್ಷರ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. ನನಗೆ ಕುರ್ಚಿ ಹಾಕಿಸಿದರು, ತಮ್ಮ ತಂಬಿಗೆಯ ನೀರನ್ನೇ ಕೊಟ್ಟರು. ಆಮೇಲೆ ಸದಸ್ಯರ ಕಡೆ ತಿರುಗಿ, "ನೋಡ್ರಿ, ಹೊತ್ತವರ ಗತಿ ಏನಾಗೇತಿ. ಇವರಿಗೆ ಹೆಚ್ಚುಕಡಿಮಿ ಆದ್ರ ಜವಾಬ್ದಾರಿ ಯಾರು? ಇಷ್ಟು ಭಾರದ ರೋಗ ಆರೋಗ್ಯವಂತರ ತಲಿ ಮ್ಯಾಲ ಹೊರಿಸೂದು ಪುರಸಭೆಗೆ ಶೋಭಾ ಅಲ್ಲ. ನಮಗ ಅಧಿಕಾರನೂ ಇಲ್ಲ" ಎಂದರು. ಎಲ್ಲರೂ ಹೌದೆಂದರು. ನಾನು ಕುರ್ಚಿಯಿಂದ ಎದ್ದು, "ಭಾರ ಇದ್ರ ಪಾಳಿ ಇರ್ಲಿ ಅಂದಿದ್ರಲ್ಲರಿ! ನಾ ಹೊರ್ತೀನಿ, ನನಗ ಕೂಲಿ ಬ್ಯಾಡ, ಗಂಟಿ ಅಷ್ಟು ಬಾರಿಸಿರಿ ಸಾಕು" ಎಂದೆ. "ನಿಮ್ಮ ಮನಸ್ಸು ದೊಡ್ಡದು ತಾಯೀ. ಆದ್ರ ಕಾಯ್ದೆ ಎಲ್ಲಾರಿಗೂ ಒಂದ" ಎಂದರು. ಅವರು ಕೊಟ್ಟ ನೀರನ್ನು ನಾನು ಆಗಲೇ ಕುಡಿದಾಗಿತ್ತು. ಹಗುರವಾದರೆ ಒಬ್ಬರೇ ಹೊರಬೇಕು, ಭಾರವಾದರೂ ಒಬ್ಬರೇ ಹೊರಬೇಕು. ಮಹಾದ್ವಾರದ ಕಲ್ಲುಗಳು ಹೊರಗೆ ಬಂದಿಳಿಯುತ್ತಿದ್ದವು.

ಇಬ್ಬರೂ ಮನೆಗೆ ಹೊರಟೆವು. ಬಟ್ಟೆ ಅಂಗಡಿಗಳ ಸಾಲು ದಾಟುವಾಗ ಹೊತ್ತು ಮುಳುಗಿತು. ನನ್ನ ಎದೆ ತಟಕ್ಕನೆ ತೆರೆದುಕೊಂಡಿತು, ಅದೇ ಗಳಿಗೆಗೆ ಅವಳು ಒಂದು ಕಂಬ ಹಿಡಿದು ನಿಂತಳು. ಅಧ್ಯಕ್ಷರನ್ನು, ಸದಸ್ಯರನ್ನು, ಅವರ ದ್ವಾರವನ್ನು ನಾನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ. ಅವಳು ಅದು ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ವಲ್ಪ ಉಸಿರು ಸಿಕ್ಕ ಮೇಲೆ, "ಬಾಳಕ್ಕಾ, ಖರೇನ ಅಷ್ಟು ಭಾರ ಇತ್ತೇನು?" ಎಂದಳು.

"ನಿನ್ನ ಪಾಳಿ ಉಳೀಲಿ ಅಂತ ಹೇಳಿದ್ನವಾ" ಎಂದೆ.

"ಅದು ನನಗ ಗೊತ್ತೈತಿ. ಭಾರ ಇತ್ತೇನು ಅಂತ ಕೇಳಿದೆ."

ಸುಳ್ಳು ಹೇಳಬಹುದಿತ್ತು. ಇನ್ನು ಅದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ಬೆಳಗಿನಿಂದ ಸತ್ಯ ಹೇಳಿ ಹೇಳಿ ನನ್ನ ನಾಲಿಗೆ ಅದಕ್ಕೇ ಒಗ್ಗಿತ್ತು. ಇತ್ತು ಎಂದೆ. ಅವಳು ತಲೆಯಾಡಿಸಿ, ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡು, ನಿಂತು ನಿಂತು ನಡೆಯುತ್ತ ಹೋದಳು. ಮನೆಯ ಮೆಟ್ಟಿಲ ಹತ್ತಿರ ನನಗಾಗಿ ನಿಲ್ಲಲಿಲ್ಲ.

ಪಾಳಿ ಇಲ್ಲದವರೆಲ್ಲ ಪುರಸಭೆಯ ಲೆಕ್ಕದಲ್ಲಿ ರೋಗಿಗಳಲ್ಲ, ಹಾಗಾಗಿ ನಾವಿಬ್ಬರೂ ಈಗ ಊರಿನ ಆರೋಗ್ಯವಂತರು. ಯಾರದಾದರೂ ನೆಗಡಿ, ಯಾರದಾದರೂ ಮುರಿದ ಕಾಲು ಹೊರಲು ಜವಾನ ಇಬ್ಬರ ಬಾಗಿಲನ್ನೂ ತಟ್ಟುತ್ತಾನೆ. ನಮ್ಮ ನಡುವಿನ ಗೋಡೆ ತೆಳುವಾದದ್ದು, ಆಚೆ ಸೂಜಿ ಬಿದ್ದರೂ ಈಚೆ ಕೇಳಿಸುತ್ತದೆ. ಆದರೆ ಅವತ್ತಿನಿಂದ ಅವಳು ಕೆಮ್ಮುವುದು ನನಗೆ ಕೇಳಿಸಿಲ್ಲ. ವಾಸಿಯಾಗಿರಬೇಕು ಎಂದು ಓಣಿಯವರು ಹೇಳುತ್ತಾರೆ. ಒಮ್ಮೆ ಅವಳ ಕಿಟಕಿಯಲ್ಲಿ ಇಣುಕಿ ನೋಡಿದೆ. ನನಗೆ ಕೇಳಿಸಬಾರದೆಂದು ಅವಳು ಕೌದಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಾಳೆ.